ತುಂಬುವ ಗೇಟಿನಲ್ಲೇ ಲಾರಿ ತೂಗಿಸಿ: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ಹಾಗೂ ಶಾಂತಿನಗರದ ಸಾರಿಗೆ ಆಯುಕ್ತರಿಗೆ,

ನಮಸ್ಕಾರಗಳು.

ಹರಿಹರದಲ್ಲಿ ಎರಡು ಲಾರಿ ಇಟ್ಟುಕೊಂಡು ಸಂಸಾರ ನಡೆಸುತ್ತಿರುವವನು ನಾನು. ಒಂದು ಹತ್ತು ಚಕ್ರದ ಟಿಪ್ಪರ್, ಇನ್ನೊಂದು ಆರು ಚಕ್ರದ ಲಾರಿ. ಟಿಪ್ಪರಿನಲ್ಲಿ ಜಲ್ಲಿ, ಎಂ-ಸ್ಯಾಂಡ್. ಲಾರಿಯಲ್ಲಿ ಮೆಕ್ಕೆಜೋಳ, ಅಕ್ಕಿ, ಸಿಮೆಂಟು, ಸಿಕ್ಕಿದ ಸರಕು. ಮಾಲೀಕನಾಗುವ ಮೊದಲು ಚಾಲಕನಾಗಿದ್ದೆ, ಅದಕ್ಕೂ ಮೊದಲು ಕ್ಲೀನರ್. ಆದ್ದರಿಂದ ಇದನ್ನು ಮಾಲೀಕರ ಸಂಘದ ಮನವಿ ಎಂದು ತಿಳಿಯಬೇಡಿ. ಇದರಲ್ಲಿರುವ ಕೆಲವು ಮಾತು ಸಂಘದವರಿಗೆ ಹಿಡಿಸುವುದೂ ಇಲ್ಲ.

ಸುರಕ್ಷತೆಗೆ ನಿಯಮಗಳು ಸಾಲವು ಎಂದು ನಾನು ದೂರುತ್ತಿಲ್ಲ. ಬೇಕಾದಷ್ಟಿವೆ. ಅವನ್ನು ಜಾರಿ ಮಾಡುವ ಜಾಗ ತಪ್ಪಾಗಿದೆ ಎಂಬುದೇ ನನ್ನ ತಕರಾರು. ಲಾರಿ ಎಷ್ಟು ಭಾರ ಹೊರಬೇಕು, ಎಷ್ಟು ಹೊತ್ತಿಗೆ ಊರು ಮುಟ್ಟಬೇಕು, ಎಂಥ ಟೈರಿನ ಮೇಲೆ ಹೊರಡಬೇಕು ಎಂಬುದೆಲ್ಲ ತೀರ್ಮಾನವಾಗುವುದು ಜಲ್ಲಿ ಒಡೆಯುವ ಕ್ರಷರಿನ ಗೇಟಿನಲ್ಲಿ, ಗಿರಣಿಯ ಅಂಗಳದಲ್ಲಿ, ಲೋಡು ಕೊಡಿಸುವ ಬ್ರೋಕರನ ಮೇಜಿನ ಮೇಲೆ. ನಿಮ್ಮ ಇಲಾಖೆ ಅದನ್ನು ಹುಡುಕುವುದು ಹೆದ್ದಾರಿಯ ಬದಿಯಲ್ಲಿ, ಚಾಲಕನ ಜೇಬಿನಲ್ಲಿ.

ಭಾರದ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ, ಅಂದರೆ ಚಕ್ರಗಳ ಅಚ್ಚು ಹೊರಬಹುದಾದ ಭಾರದ, ಮಿತಿಯನ್ನು ಏರಿಸಿತು. ಸರಕೂ ಸೇರಿ 16.2 ಟನ್ ಮೀರಬಾರದಿದ್ದ ಆರು ಚಕ್ರದ ಲಾರಿಗೆ 18.5 ಟನ್ ಎಂದಾಯಿತು. ಹತ್ತು ಚಕ್ರದ್ದು 25ರಿಂದ 28.5ಕ್ಕೆ ಹೋಯಿತು. ಇನ್ನು ಓವರ್‌ಲೋಡ್ ನಿಂತಿತು ಎಂದು ಹಲವರು ಅಂದುಕೊಂಡರು. ಆದದ್ದೇ ಬೇರೆ. ಇದ್ದ ಸರಕು ಅಷ್ಟೇ, ಅದನ್ನು ಹೊರಬಲ್ಲ ಶಕ್ತಿ ಮಾತ್ರ ರಾತ್ರೋರಾತ್ರಿ ಹೆಚ್ಚಾಯಿತು. ಟನ್ನಿನ ಬಾಡಿಗೆ ಕುಸಿಯಿತು. ಕುಸಿದ ಬಾಡಿಗೆಯನ್ನು ಸರಿದೂಗಿಸಲು ಹೊಸ ಮಿತಿಯ ಮೇಲೂ ಹೇರುವುದು ಶುರುವಾಯಿತು. ಇವತ್ತು ಜಲ್ಲಿಗಾಗಲಿ ಸಿಮೆಂಟಿಗಾಗಲಿ ಬಾಡಿಗೆ ನಿಗದಿಯಾಗುವಾಗಲೇ ಲಾರಿಯವನು ಹೆಚ್ಚು ತುಂಬುತ್ತಾನೆ ಎಂಬ ಲೆಕ್ಕ ಅದರೊಳಗೆ ಸೇರಿರುತ್ತದೆ. ಕಾನೂನಿನಂತೆ ತುಂಬುವವನು ಆ ಬಾಡಿಗೆಯಲ್ಲಿ ಡೀಸೆಲ್, ಟೋಲ್, ಚಾಲಕನ ಭತ್ಯೆ ಕಳೆದು ಕಂತು ಕಟ್ಟಲಾರ.

ನನ್ನ ಟಿಪ್ಪರಿನ ಖಾಲಿ ತೂಕ ಹತ್ತೂವರೆ ಟನ್ನಿನ ಆಸುಪಾಸು. ಅಂದರೆ ಅದರೊಳಗೆ ಹಾಕಬಹುದಾದ ಜಲ್ಲಿ 18 ಟನ್. ಅದರ ಮೇಲೆ ಐದು ಟನ್ ಹೇರಿ ಸಿಕ್ಕಿಬಿದ್ದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಒಟ್ಟು 30,000. ಆ ಐದು ಟನ್ನಿನಿಂದ ಬರುವ ಬಾಡಿಗೆ ದಂಡದ ಹತ್ತರಲ್ಲೊಂದು ಪಾಲೂ ಆಗುವುದಿಲ್ಲ. ಲೆಕ್ಕ ಬಲ್ಲವನು ಯಾರೂ ಹೇರಬಾರದು. ಆದರೂ ಹೇರುತ್ತಾರೆ, ಏಕೆಂದರೆ ಒಲ್ಲೆ ಎಂದವನಿಗೆ ಮಾರನೆಯ ದಿನ ಲೋಡೇ ಸಿಗುವುದಿಲ್ಲ. ಇದು ಕೇಳಿದ ಕಥೆಯಲ್ಲ. ಆರ್‌ಸಿಯಲ್ಲಿ ಇರುವಷ್ಟೇ ತುಂಬಿ ಎಂದು ಹೇಳಿದ್ದಕ್ಕೆ ಒಂದು ಕ್ರಷರಿನವರು ನನ್ನ ಟಿಪ್ಪರನ್ನು ಕರೆಯುವುದನ್ನೇ ಬಿಟ್ಟರು. ಬೈಯಲಿಲ್ಲ, ಜಗಳವಾಡಲಿಲ್ಲ. "ನಿಮ್ಮ ಗಾಡಿ ನಮಗೆ ಸರಿಹೋಗುವುದಿಲ್ಲ ಅಣ್ಣಾ" ಎಂದು ಗೇಟಿನ ಹುಡುಗ ನಯವಾಗಿಯೇ ಹೇಳಿದ. ಆ ಸರದಿಗೆ ಬೇರೆಯವರ ಟಿಪ್ಪರ್ ನಿಂತಿತ್ತು.

ಅಂಥ ಗೇಟುಗಳಲ್ಲಿ ನಡೆಯುವುದನ್ನು ನಿಮ್ಮ ಅಧಿಕಾರಿಗಳು ಒಮ್ಮೆ ಹತ್ತಿರದಿಂದ ನೋಡಬೇಕು. ಲೋಡರ್ ಯಂತ್ರದ ಬಕೆಟ್ಟಿಗೆ ಎಷ್ಟು ಹಿಡಿಯುತ್ತದೆ ಎಂದು ಅದನ್ನು ಓಡಿಸುವವನಿಗೆ ಗೊತ್ತು. ಡಬ್ಬಿ ತುಂಬಿದ ಮೇಲೆ ಇನ್ನೊಂದು ಬಕೆಟ್ ಎತ್ತಿ ಸುರಿದು, ಮೇಲಿನ ಗುಡ್ಡೆಯನ್ನು ಬಕೆಟಿನ ಬೆನ್ನಿನಿಂದ ಒಮ್ಮೆ ತಟ್ಟುತ್ತಾನೆ. ಲಾರಿ ತನ್ನನ್ನು ಸರಕು ಸಮೇತ ತೂಗುವ ವೇಬ್ರಿಡ್ಜಿಗೆ ಹತ್ತುತ್ತದೆ. ಎರಡು ಚೀಟಿ ಬರುತ್ತವೆ. ಮಿತಿಯೊಳಗಿನ ತೂಕದ ಚೀಟಿ ಚಾಲಕನ ಕೈಗೆ, ದಾರಿಯಲ್ಲಿ ಕೇಳಿದವರಿಗೆ ತೋರಿಸಲು. ನಿಜವಾದ ತೂಕ ಆಫೀಸಿನ ಲೆಕ್ಕಕ್ಕೆ. ಸರಕು ಕೊಳ್ಳುವವನ ಮೊಬೈಲಿಗೆ ಅದರ ಫೋಟೊ. ಎರಡು ಚೀಟಿಯಲ್ಲೂ ಲಾರಿಯ ನಂಬರ್ ಒಂದೇ, ಸಮಯವೂ ಒಂದೇ, ತೂಕ ಮಾತ್ರ ಬೇರೆ. ಇದನ್ನು ಹಿಡಿಯಲು ದೊಡ್ಡ ತನಿಖಾ ಸಂಸ್ಥೆ ಬೇಕಾಗಿಲ್ಲ. ವೇಬ್ರಿಡ್ಜಿನ ಕಂಪ್ಯೂಟರ್ ತೆರೆಯಿಸಿ ನೋಡುವ ಒಬ್ಬ ಇನ್ಸ್‌ಪೆಕ್ಟರ್ ಸಾಕು.

ಈ ಲಾರಿಯನ್ನು ಹೆದ್ದಾರಿಯಲ್ಲಿ ಹಿಡಿದಿರಿ ಎಂದಿಟ್ಟುಕೊಳ್ಳಿ. ಮುಂದೇನು? ದಂಡ ಕಟ್ಟಿದ ಮಾತ್ರಕ್ಕೆ ಹೆಚ್ಚಿನ ಭಾರದೊಂದಿಗೆ ಮುಂದುವರಿಯಲು ಅನುಮತಿ ಸಿಕ್ಕಂತಲ್ಲ, ಅದನ್ನು ಇಳಿಸಿಯೇ ಹೊರಡಬೇಕು ಎಂದು ಸುಪ್ರೀಂ ಕೋರ್ಟ್ 2005ರ ನವೆಂಬರಿನಲ್ಲೇ ಹೇಳಿದೆ. 194ನೇ ಕಲಮಿನಲ್ಲೂ ಹಾಗೆಯೇ ಇದೆ. ಆದರೆ ರಸ್ತೆಯ ಬದಿಯಲ್ಲಿ ಐದು ಟನ್ ಜಲ್ಲಿ ಇಳಿಸಿದರೆ ಅದೇ ಇನ್ನೊಂದು ಅಪಘಾತಕ್ಕೆ ದಾರಿ. ಸಿಮೆಂಟು ಇಳಿಸಿದರೆ ಮಳೆಯ ಭಯ, ಅಕ್ಕಿ ಇಳಿಸಿದರೆ ಕಳ್ಳರ ಭಯ. ನಿಮ್ಮ ಇಲಾಖೆಯ ಬ್ರೇಕ್ ಇನ್ಸ್‌ಪೆಕ್ಟರ ಹತ್ತಿರ ಗೋದಾಮಿಲ್ಲ, ಹಮಾಲರಿಲ್ಲ, ಎದುರಿಗೆ ಸಾಲುಗಟ್ಟಿದ ಲಾರಿಗಳು. ಹಾಗಾಗಿ ರಸೀದಿ ಹರಿದುಕೊಟ್ಟು, ಅಥವಾ ಹರಿಯದೆಯೇ, ಲಾರಿಯನ್ನು ಅದೇ ಭಾರದೊಂದಿಗೆ ಮುಂದೆ ಬಿಡುತ್ತಾರೆ. ದಂಡ ಕಟ್ಟಿದ ಲಾರಿಯ ಬ್ರೇಕಿಗೆ ದಂಡ ಕಟ್ಟಿದ್ದು ಗೊತ್ತಾಗುವುದಿಲ್ಲ ಸ್ವಾಮಿ.

ಕಾಯ್ದೆ ಬರೆದವರಿಗೆ ಇದೆಲ್ಲ ಹೊಳೆದಿರಲಿಲ್ಲ ಎನ್ನುವಂತಿಲ್ಲ. 194ನೇ ಕಲಮು ಲಾರಿ ಓಡಿಸುವವನನ್ನು ಮಾತ್ರ ಹೇಳುವುದಿಲ್ಲ. ಓಡಿಸುವಂತೆ ಮಾಡಿದವನನ್ನೂ ಓಡಿಸಲು ಬಿಟ್ಟವನನ್ನೂ ಹೇಳುತ್ತದೆ. 113ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಾಲಕನೇ ಮಾಲೀಕನಲ್ಲದಿದ್ದಾಗ ಇದು ಮಾಲೀಕನಿಗೆ ತಿಳಿದೇ, ಅಥವಾ ಅವನ ಅಪ್ಪಣೆಯಿಂದಲೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ. ನ್ಯಾಯವಾದ ಮಾತು, ಒಪ್ಪುತ್ತೇನೆ. ಆದರೆ ಬಕೆಟಿನಿಂದ ಸುರಿಸಿ, ಸುಳ್ಳು ಚೀಟಿ ಮುದ್ರಿಸಿದವನ ಬಗ್ಗೆ ಹಾಗೆ ಯಾರೂ ಭಾವಿಸುವುದಿಲ್ಲ. ಓಡಿಸುವಂತೆ ಮಾಡಿದವನು ಎಂಬ ಮಾತು ಅವನಿಗೇ ಹೇಳಿ ಬರೆಸಿದ ಹಾಗಿದೆ. ಈ ಮಾತನ್ನು ಹಿಡಿದು ಒಂದು ಕ್ರಷರಿನ ಮೇಲೆ, ಒಂದು ಗಿರಣಿಯ ಮೇಲೆ ಮೊಕದ್ದಮೆ ಹೂಡಿದ್ದನ್ನು ನಾನಂತೂ ನಮ್ಮ ಕಡೆ ಕಂಡಿಲ್ಲ. ಇತ್ತ ಚಾಲಕನಿಗೆ ದಂಡದ ಮೇಲೆ ಇನ್ನೊಂದು ಪೆಟ್ಟು: ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 2015ರಲ್ಲಿ ಕೊಟ್ಟ ಸೂಚನೆಯಂತೆ ಓವರ್‌ಲೋಡ್ ಲಾರಿಯ ಚಾಲಕನ ಲೈಸೆನ್ಸು ಕನಿಷ್ಠ ಮೂರು ತಿಂಗಳು ಅಮಾನತು. ಮೂರು ತಿಂಗಳು ಅವನ ಮನೆಯಲ್ಲಿ ಒಲೆ ಹೇಗೆ ಹೊತ್ತಬೇಕು? ತುಂಬಿಸಿದವನ ಗೇಟು ಮಾತ್ರ ಮರುದಿನ ಬೆಳಿಗ್ಗೆ ಆರಕ್ಕೇ ತೆರೆದಿರುತ್ತದೆ.

ಯಾರು ಎಷ್ಟು ತುಂಬಿಸಿದರು ಎಂದು ಪತ್ತೆ ಹಚ್ಚುವುದು ಕಷ್ಟ ಎಂದು ದಯವಿಟ್ಟು ಹೇಳಬೇಡಿ. ಬಳ್ಳಾರಿಯ ಅದಿರಿನ ಬಗ್ಗೆ 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಕೊಟ್ಟ ವರದಿ ಲಾರಿಗಳ ಓವರ್‌ಲೋಡನ್ನೂ ಕೆದಕಿತ್ತು. ಕಾಗದದ ಕಾಲದಲ್ಲೇ ಅದು ಸಾಧ್ಯವಾಯಿತು. ಈಗಂತೂ ಗಣಿ ಇಲಾಖೆ ಖನಿಜ ಸಾಗಣೆಗೆ ಕೊಡುವ ಪರವಾನಗಿಯಲ್ಲಿ ಟನ್ ಇದೆ, ಲಾರಿಯ ನಂಬರ್ ಇದೆ. ಸರಕು ಸಾಗಿಸಲು ಜಿಎಸ್‌ಟಿಯಡಿ ತೆಗೆಯಬೇಕಾದ ಇ-ವೇ ಬಿಲ್ ಇದೆ. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ತಂದದ್ದು ನಮ್ಮ ಕರ್ನಾಟಕವೇ. ವಾಹನ ನೋಂದಣಿಯ 'ವಾಹನ್' ದತ್ತಾಂಶದಲ್ಲಿ ಪ್ರತಿ ಲಾರಿಯ ಖಾಲಿ ತೂಕ, ಹೊರಬಹುದಾದ ತೂಕ ಎರಡೂ ಇವೆ. ಅನೇಕ ಟೋಲ್‌ಗಳಲ್ಲಿ ಓಡುತ್ತಲೇ ತೂಗುವ ಯಂತ್ರಗಳಿವೆ. ತೆರಿಗೆ ಬರಬೇಕಾದಾಗ ಈ ಇಲಾಖೆಗಳು ಒಂದರೊಡನೊಂದು ಚೆನ್ನಾಗಿಯೇ ಮಾತಾಡುತ್ತವೆ. ಪರವಾನಗಿಯಲ್ಲಿ 18 ಟನ್ ಸರಕು ಎಂದಿರುವ ಟಿಪ್ಪರ್ ಟೋಲಿನಲ್ಲಿ ಗಾಡಿಯ ತೂಕವೂ ಸೇರಿ 34 ಟನ್ ತೂಗಿದರೆ, ಚಾಲಕನಿಗೆ ಹೋಗುವ ನೋಟಿಸಿನ ಜೊತೆಗೆ ಆ ಪರವಾನಗಿ ತೆಗೆದ ಗೇಟಿಗೂ ಒಂದು ನೋಟಿಸು ಹೋಗಲಿ. ನಾನು ಕೇಳುತ್ತಿರುವುದು ಇಷ್ಟು ಸಣ್ಣ ವಿಷಯ.

ಭಾರ ಹೆಚ್ಚಾದರೆ ಏನಾಗುತ್ತದೆ ಎಂಬುದು ಬಯಲು ರಸ್ತೆಯಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ತಿಳಿಯುತ್ತದೆ. ಮಿತಿಯೊಳಗಿನ ಲಾರಿಯನ್ನು ಕೆಳಗಿನ ಗೇರಿನಲ್ಲಿ ಹಿಡಿದು ಇಳಿಸಿದರೆ ಇಂಜಿನ್ನೇ ಅರ್ಧ ತಡೆಯುತ್ತದೆ, ಬ್ರೇಕನ್ನು ತಿರುವಿನಲ್ಲಿ ಮುಟ್ಟಿದರೆ ಸಾಕು. ಹೇರಿದ ಲಾರಿಯಲ್ಲಿ ಪೆಡಲಿನ ಮೇಲಿನ ಕಾಲು ತೆಗೆಯುವ ಹಾಗಿಲ್ಲ. ಸ್ವಲ್ಪ ಹೊತ್ತಿಗೆ ಬ್ರೇಕಿನ ಲೈನಿಂಗ್ ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಚಕ್ರದ ಬ್ರೇಕ್ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗ್ ಅದನ್ನು ಮುಟ್ಟಲು ಇನ್ನಷ್ಟು ದೂರ ಚಾಚಬೇಕಾಗುತ್ತದೆ. ಮತ್ತೆ ಮತ್ತೆ ಒತ್ತಿದ್ದಕ್ಕೆ ಗಾಳಿಯ ಒತ್ತಡದ ಮುಳ್ಳು ಕೆಳಗಿಳಿಯುತ್ತದೆ. ಕೊನೆಗೆ ಪೆಡಲ್ ನೆಲಕ್ಕೆ ತಾಗಿದರೂ ಹಿಡಿತವಿಲ್ಲ. ಡೀಸೆಲ್ ಉಳಿಯಲಿ ಎಂದು ನ್ಯೂಟ್ರಲ್‌ಗೆ ಹಾಕಿದ್ದರಂತೂ ದೇವರೇ ಗತಿ. ಮರುದಿನ ಪತ್ರಿಕೆಯಲ್ಲಿ 'ಬ್ರೇಕ್ ವೈಫಲ್ಯ' ಎಂದು ಬರುತ್ತದೆ, ಚಾಲಕನ ಅಜಾಗರೂಕತೆ ಎಂದು ಎಫ್‌ಐಆರ್ ಆಗುತ್ತದೆ. ಎಷ್ಟು ಟನ್ ಇತ್ತು, ಯಾರು ತುಂಬಿಸಿದ್ದರು ಎಂಬ ಪ್ರಶ್ನೆಗೆ ಆ ವರದಿಯಲ್ಲಿ ಒಂದು ಸಾಲಿನ ಜಾಗವೂ ಸಿಗುವುದಿಲ್ಲ. ಲಾರಿ ಅಪಘಾತದ ಎಫ್‌ಐಆರ್‌ನಲ್ಲಿ ಸರಕಿನ ತೂಕ ಮತ್ತು ತುಂಬಿಸಿದ ಜಾಗ ಕಡ್ಡಾಯವಾಗಿ ಬರೆಯಬೇಕು ಎಂದು ಗೃಹ ಇಲಾಖೆಯ ಜೊತೆ ಮಾತಾಡಿ ಒಂದು ಸುತ್ತೋಲೆ ಹೊರಡಿಸಿ ನೋಡಿ. ಗೇಟುಗಳ ಧಾಟಿ ತಾನಾಗಿ ಬದಲಾಗುತ್ತದೆ.

ಇನ್ನು ಎಫ್‌ಸಿ, ಅಂದರೆ ಲಾರಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ. ಎಂಟು ವರ್ಷದವರೆಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಎಫ್‌ಸಿಗೆ ಲಾರಿ ಸಿದ್ಧವಾಗುವ ಪರಿಯನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಅಥವಾ ಎಲ್ಲರಿಗೂ ಗೊತ್ತಿರುವುದರಿಂದ ಹೇಳುವ ಅಗತ್ಯ ಬಿದ್ದಿರಲಿಕ್ಕಿಲ್ಲ. ಪರಿಚಯದ ಟೈರ್ ಅಂಗಡಿಯಿಂದ ಒಳ್ಳೆಯ ಟೈರುಗಳು ಒಂದು ದಿನದ ಮಟ್ಟಿಗೆ ಬರುತ್ತವೆ. ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಪಟ್ಟಿಗಳನ್ನು ಹೊಸದಾಗಿ ಅಂಟಿಸುತ್ತಾರೆ. ವೈಪರ್, ಕನ್ನಡಿ, ಇಂಡಿಕೇಟರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ಕೂರುತ್ತವೆ. ವೇಗ ನಿಯಂತ್ರಕದ ತಂತಿಯನ್ನು ಮತ್ತೆ ಜೋಡಿಸುತ್ತಾರೆ. ಸರಕು ವಾಹನ 80 ಕಿಲೋಮೀಟರ್ ಮೀರಬಾರದು ಎಂದು ಕೂರಿಸಿದ ಯಂತ್ರವದು. ಎಫ್‌ಸಿ ಆದ ಸಂಜೆ ಟೈರುಗಳು ಅಂಗಡಿಗೆ, ತಂತಿ ಆಚೆಗೆ.

ಇದಕ್ಕೆ ಮದ್ದು ಯಂತ್ರದಿಂದಲೇ ತಪಾಸಣೆ ಮಾಡುವ ಕೇಂದ್ರಗಳು ಎಂದು ಕೇಂದ್ರ ಸರ್ಕಾರ ಹೇಳುತ್ತಿದೆ. ಭಾರಿ ವಾಹನಗಳಿಗೆ ಅದು ಕಡ್ಡಾಯ ಎಂದು ಮೊದಲು 2023ರ ಏಪ್ರಿಲ್ 1 ಎಂದರು, ಆಮೇಲೆ ಅದೇ ದಿನಾಂಕವನ್ನು 2024ರ ಅಕ್ಟೋಬರ್ 1ಕ್ಕೆ ದೂಡಿದರು. ಬರಲಿ, ನಾನು ವಿರೋಧಿಯಲ್ಲ. ಚಕ್ರವನ್ನು ರೋಲರಿನ ಮೇಲೆ ನಿಲ್ಲಿಸಿ ಬ್ರೇಕಿನ ಬಲವನ್ನು ಅಳೆಯುವ ಯಂತ್ರ ಕಣ್ಣಂದಾಜಿಗಿಂತ ಸಾವಿರ ಪಾಲು ಮೇಲು, ಅದು ಚಹಾಕ್ಕೂ ಕಾಸು ಕೇಳುವುದಿಲ್ಲ. ಆದರೆ ಎಫ್‌ಸಿಗೆ ಹೋಗುವುದು ಖಾಲಿ ಲಾರಿ ಎಂಬುದು ನೆನಪಿರಲಿ. ಖಾಲಿ ಲಾರಿಯನ್ನು ನಿಲ್ಲಿಸಿದ ಬ್ರೇಕು 34 ಟನ್ನಿನ ಲಾರಿಯನ್ನೂ ನಿಲ್ಲಿಸುತ್ತದೆ ಎಂದು ಆ ಯಂತ್ರ ಪ್ರಮಾಣ ಮಾಡುವುದಿಲ್ಲ. ಎರವಲು ಟೈರಿಗೆ ಮಾತ್ರ ಒಂದು ಸುಲಭದ ಉಪಾಯವಿದೆ. ಪ್ರತಿ ಟೈರಿನ ಮೇಲೂ ನಂಬರ್ ಅಚ್ಚಾಗಿರುತ್ತದೆ. ಎಫ್‌ಸಿ ದಿನ ಎಲ್ಲ ಟೈರುಗಳ ನಂಬರನ್ನು ಫೋಟೊ ಸಮೇತ ದಾಖಲಿಸಿ, ಒಂದು ತಿಂಗಳೊಳಗೆ ನೂರರಲ್ಲಿ ನಾಲ್ಕೈದು ಲಾರಿಗಳನ್ನು ಹಠಾತ್ತನೆ ಕರೆದು ನೋಡಿ. ಟೈರ್ ಅಂಗಡಿಯವರು ಬಾಡಿಗೆಗೆ ಕೊಡುವುದನ್ನು ತಾವಾಗಿಯೇ ನಿಲ್ಲಿಸುತ್ತಾರೆ.

ನಿದ್ದೆಯ ವಿಷಯಕ್ಕೆ ಬರುತ್ತೇನೆ. ಚಾಲಕನಿಗೆ ದಿನಕ್ಕೆ 8 ಗಂಟೆ ಕೆಲಸ, ವಾರಕ್ಕೆ 48, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವು ಎಂಬುದು 1961ರಿಂದಲೂ ಕಾನೂನಿನ ಪುಸ್ತಕದಲ್ಲಿ ಭದ್ರವಾಗಿದೆ. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು ಎಂಬ ನಿಯಮವೂ ಇತ್ತು; 2018ರಲ್ಲಿ ಅದನ್ನು ತೆಗೆದುಹಾಕಿದರು. ಹೆಚ್ಚಿನ ಮಾಲೀಕರು ಎರಡನೆಯವನನ್ನು ಕಾಗದದಲ್ಲಿ ಮಾತ್ರ ಇಟ್ಟಿದ್ದರು, ಆದ್ದರಿಂದ ಅದು ಹೋದದ್ದಕ್ಕೆ ಯಾರೂ ಅಳಲಿಲ್ಲ. ಈಗ ಕ್ಲೀನರ್ ಕೂಡ ಇಲ್ಲ. ಹಿಂದಕ್ಕೆ ತೆಗೆಯುವಾಗ ನೋಡಲು, ರಾತ್ರಿ ಮಾತಾಡಿಸಿ ಎಚ್ಚರವಿಡಲು ಯಾರೂ ಇಲ್ಲದೆ ಒಬ್ಬನೇ ಓಡಿಸುವ ಲಾರಿಗಳೇ ಹೆಚ್ಚು. ಬ್ರೋಕರ್ ಮಾತ್ರ ನಾಳೆ ಬೆಳಿಗ್ಗೆ ಏಳಕ್ಕೆ ಮಾಲು ಮುಟ್ಟಬೇಕು, ತಡವಾದರೆ ಬಾಡಿಗೆಯಲ್ಲಿ ಕಡಿತ ಎಂದು ಲೋಡಿನ ಚೀಟಿಯಲ್ಲೇ ಬರೆಯುತ್ತಾನೆ. ಹೊರಡುವ ಹೊತ್ತು, ಮುಟ್ಟುವ ಹೊತ್ತು, ನಡುವಿನ ದೂರ ಮೂರೂ ಅವನದೇ ಕೈಬರಹದಲ್ಲಿ ಇರುತ್ತವೆ. ಗಂಟೆಗೆ ಎಷ್ಟು ಕಿಲೋಮೀಟರ್ ಓಡಿಸಿದರೆ, ಎಷ್ಟು ನಿದ್ದೆಗೆಟ್ಟರೆ ಅದು ಸಾಧ್ಯ ಎಂದು ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲ. ಆ ಚೀಟಿಯೇ ಸಾಕ್ಷಿ. ಅದನ್ನು ಯಾರೂ ಕೇಳುವುದಿಲ್ಲ. ಹೊಸ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯ ಎಂಬ ನಿಯಮ 2025ರಲ್ಲಿ ಬಂದಿದೆ. ಒಳ್ಳೆಯದು, ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಇಂಜಿನ್ನಿನ ಪಕ್ಕ ಕೂತು ಬಂದವನಿಗೇ ಅದರ ಬೆಲೆ ಗೊತ್ತು. ತಣ್ಣಗಿನ ಕ್ಯಾಬಿನ್ನಿನಲ್ಲಿ ನಿದ್ದೆ ಇನ್ನೂ ಬೇಗ ಬರುತ್ತದೆ ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ನಿದ್ದೆ ಬಂದರೆ ನಿಲ್ಲಿಸಿ ಎನ್ನುತ್ತೀರಿ. ಎಲ್ಲಿ? 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಡಿಕ್ಕಿ ಹೊಡೆದು, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ 13 ಮಂದಿ ಸತ್ತರು. ಅದಕ್ಕೂ ಹಿಂದಿನ ವರ್ಷ ಅಕ್ಟೋಬರಿನಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ನಿಂತಿದ್ದ ಟ್ಯಾಂಕರಿಗೆ ಮಂಜಿನಲ್ಲಿ ಕಾರೊಂದು ಗುದ್ದಿ, ಅಲ್ಲೂ 13 ಮಂದಿ ಹೋದರು. ಗುಂಡೇನಹಳ್ಳಿಯ ಆ ದಾರಿ ನಮ್ಮ ಲಾರಿಗಳು ದಿನವೂ ಓಡಾಡುವ ದಾರಿ. ಹಿಂಬದಿಗೆ ಗಟ್ಟಿಯಾದ ಅಡ್ಡಪಟ್ಟಿ ಇರಬೇಕು, ಕಾರು ಅಡಿಗೆ ನುಗ್ಗದಂತೆ ಅದು ತಡೆಯಬೇಕು ಎಂಬ ನಿಯಮವಿದೆ. ಎಷ್ಟೋ ಲಾರಿಗಳಲ್ಲಿ ಆ ಪಟ್ಟಿ ತೆಳ್ಳಗಿನ ಕೊಳವೆ, ಬಣ್ಣ ಬಳಿದು ನಿಲ್ಲಿಸಿದ್ದು; ಅಂಗೈಯಿಂದ ಅಲುಗಾಡಿಸಿದರೆ ಅಲುಗುತ್ತದೆ. ಕೆಟ್ಟು ನಿಂತ ಲಾರಿಯ ಹಿಂದೆ ಕೆಂಪು ತ್ರಿಕೋನ ಇಡಬೇಕು. ನಮ್ಮವರು ಇಡುವುದು ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ, ಹೊರಡುವಾಗ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಇದು ಚಾಲಕರ ತಪ್ಪು, ಸಮರ್ಥಿಸುವುದಿಲ್ಲ. ಆದರೆ ಲಾರಿ ನಿಲ್ಲಿಸಲೆಂದು ಹೆದ್ದಾರಿಯಲ್ಲಿ ಮಾಡಿರುವ ಜಾಗಗಳು ರಾತ್ರಿ ಹತ್ತರೊಳಗೆ ತುಂಬಿರುತ್ತವೆ. ದೀಪವಿಲ್ಲದ ಕಡೆ ನಿಲ್ಲಿಸಿದರೆ ಟ್ಯಾಂಕಿನ ಡೀಸೆಲ್ ಬೆಳಗಾಗುವುದರೊಳಗೆ ಖಾಲಿ. ಟೋಲ್ ವಸೂಲಿಗೆ ಇರುವಷ್ಟು ದೀಪವನ್ನು ಲಾರಿ ನಿಲ್ಲುವ ಜಾಗಕ್ಕೂ ಹಾಕಿ ಎಂದು ಹೆದ್ದಾರಿ ಪ್ರಾಧಿಕಾರಕ್ಕೆ ನೀವು ಪತ್ರ ಬರೆಯಬಹುದು. ನಾನು ಬರೆದರೆ ಅವರು ಓದುವುದಿಲ್ಲ.

ನಮ್ಮ ಮಾಲೀಕರಿಗೂ ಇಲ್ಲೇ ಒಂದು ಮಾತು. 2025ರ ಏಪ್ರಿಲ್‌ನಲ್ಲಿ ಮುಷ್ಕರ ಹೂಡಿದೆವು. ಡೀಸೆಲ್ ಮೇಲಿನ ಮಾರಾಟ ತೆರಿಗೆ 18.44ರಿಂದ 21.17 ಪ್ರತಿಶತಕ್ಕೆ ಏರಿತ್ತು, ಸಿಟ್ಟು ನ್ಯಾಯವಾದದ್ದೇ. ನಾನೂ ಲಾರಿ ನಿಲ್ಲಿಸಿದ್ದೆ. ಡೀಸೆಲ್, ಟೋಲ್, ಗಡಿ ಚೆಕ್‌ಪೋಸ್ಟ್, ಎಫ್‌ಸಿ ಶುಲ್ಕ ಎಂದು ಗಂಟಲು ಹರಿದುಕೊಂಡೆವು. ಓವರ್‌ಲೋಡ್ ಮಾಡಿಸುವ ಗೇಟುಗಳಿಗೆ ಲಾರಿ ಕಳಿಸುವುದಿಲ್ಲ ಎಂದು ಆ ಮುಷ್ಕರದ ದಿನಗಳಲ್ಲಿ ಒಂದು ಠರಾವು ಮಾಡಿದ್ದರೆ, ಟನ್ನಿನ ಬಾಡಿಗೆ ತಾನಾಗಿ ಮೇಲೇಳುತ್ತಿತ್ತು. ಹೆಚ್ಚು ಲಾರಿ ಇರುವ ದೊಡ್ಡವರಿಗೆ ಅದು ಬೇಕಿಲ್ಲ; ಹೇರಿ ಓಡಿಸಿ, ದಂಡವನ್ನು ಖರ್ಚಿನ ಲೆಕ್ಕಕ್ಕೆ ಬರೆದುಕೊಳ್ಳುವ ತಾಕತ್ತು ಅವರಿಗಿದೆ. ಎರಡು ಲಾರಿಯವರ ಸಂಖ್ಯೆ ದೊಡ್ಡದು, ದನಿ ಸಣ್ಣದು.

ಮಾನ್ಯರೇ, ರಾಜ್ಯವಿಡೀ ಒಂದೇ ದಿನ ಬದಲಾಯಿಸಿ ಎಂದು ಕೇಳುತ್ತಿಲ್ಲ. ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕನ್ನು ಆರಿಸಿಕೊಳ್ಳಿ. ಒಂದು ತಿಂಗಳು ಅಲ್ಲಿನ ಹೆದ್ದಾರಿ ತಪಾಸಣೆಯ ಸಿಬ್ಬಂದಿಯನ್ನು ಕ್ರಷರ್, ಗಿರಣಿ, ಸಿಮೆಂಟ್ ಗೋದಾಮುಗಳ ಗೇಟಿಗೆ ಕಳಿಸಿ. ಹೊರಬರುವ ಪ್ರತಿ ಲಾರಿಯನ್ನು ಅಲ್ಲೇ ತೂಗಲಿ. ಹೆಚ್ಚಾಗಿದ್ದರೆ ಅಲ್ಲೇ ಇಳಿಸಲಿ. ಇಳಿಸಲು ಅಲ್ಲಿ ಜಾಗವೂ ಇದೆ, ಬಕೆಟ್ ಯಂತ್ರವೂ ಇದೆ, ಸರಕು ಅದರ ಒಡೆಯನ ಅಂಗಳದಲ್ಲೇ ಉಳಿಯುತ್ತದೆ. 194ರ ಮೊಕದ್ದಮೆಯಲ್ಲಿ ಮೊದಲ ಹೆಸರು ಗೇಟಿನವರದಿರಲಿ, ಎರಡನೆಯದು ನನ್ನಂಥ ಮಾಲೀಕನದು, ಆಮೇಲೆ ಚಾಲಕನದು. ತಿಂಗಳ ಕೊನೆಗೆ ಯಾವ ಗೇಟಿನಲ್ಲಿ ಎಷ್ಟು ಲಾರಿ ತೂಗಿದರು, ಎಷ್ಟರಿಂದ ಸರಕು ಇಳಿಸಿದರು ಎಂಬ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿಯ ಫಲಕದಲ್ಲಿ ಹಾಕಿಸಿ. ನನ್ನ ಎರಡು ಲಾರಿಗಳ ನಂಬರನ್ನು ನಿಮ್ಮ ಕಚೇರಿಗೆ ಕಳಿಸುವ ಪ್ರತಿಯಲ್ಲಿ ಬರೆದಿದ್ದೇನೆ; ಆರಂಭಕ್ಕೆ ಅವನ್ನೇ ತೂಗಬಹುದು.

ಇಂತಿ ತಮ್ಮ ವಿಶ್ವಾಸಿ,
ಹರಿಹರದ ಒಬ್ಬ ಲಾರಿ ಮಾಲೀಕ